ಆರು ತಿಂಗಳು ಕಾದವನು

"ಈ ಕಾಗದದ ಪ್ರಕಾರ ಇವರಿಗೆ ಹೆಂಡತಿ ಇದ್ದಾರಮ್ಮ," ಅಂದರು ಮದುವೆ ನೋಂದಣಿ ಕಚೇರಿಯ ಗುಮಾಸ್ತರು.

ಟೈಲರಮ್ಮ ಪಕ್ಕಕ್ಕೆ ತಿರುಗಿದಳು. ಅವಳನ್ನು ಮದುವೆಯಾಗಲು ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದ ಮೆಕ್ಯಾನಿಕ್, ಹೊಲಿಗೆ ಯಂತ್ರಗಳ ರಿಪೇರಿಗೆಂದು ಹೊರದೇಶದಿಂದ ಗಾರ್ಮೆಂಟ್ಸಿಗೆ ಬಂದವನು. ಕನ್ನಡ ಕಲಿತದ್ದೆಲ್ಲ ಅಲ್ಲಿನ ಹೆಂಗಸರ ಬಾಯಿಂದ. ಅದಕ್ಕೇ ಮೀಸೆಯ ಗುಮಾಸ್ತರಿಗೂ, "ಇಲ್ಲ ಕಣಕ್ಕಾ, ಕೋರ್ಟು ಬಿಡಿಸಿದೆ," ಅಂದ.

ಗುಮಾಸ್ತರು ನಗಲಿಲ್ಲ. "ಇದು ವಿಚ್ಛೇದನದ ಮೊದಲನೇ ಆದೇಶ ಅಷ್ಟೇ. ಆರು ತಿಂಗಳಾದ ಮೇಲೆ ನೀವೇ ಅರ್ಜಿ ಹಾಕಿ ಕೊನೇ ಆದೇಶ ತಗೋಬೇಕಿತ್ತು. ಅನುವಾದದಲ್ಲೂ ಬರೆದಿದೆ, ಎರಡನೇ ಪುಟ."

"ಆರು ತಿಂಗಳು ಕಾದೆ," ಅಂದ ಅವನು ಮೆಲ್ಲಗೆ. "ತಾನಾಗೇ ಮುಗಿಯುತ್ತೆ ಅಂದ್ಕೊಂಡೆ."

ಸಾಕ್ಷಿಗೆ ಬಂದಿದ್ದ ಟೈಲರಮ್ಮನ ಅಕ್ಕ ಮೆಟ್ಟಿಲಿಳಿಯುತ್ತಲೇ ಶುರು ಹಚ್ಚಿಕೊಂಡಳು. "ಇಪ್ಪತ್ತು ವರ್ಷದಿಂದ ಹೊಲೀತೀಯ. ಕಚ್ಚಾ ಹೊಲಿಗೆ ಯಾವುದು, ಗಟ್ಟಿ ಹೊಲಿಗೆ ಯಾವುದು ಅಂತ ಗೊತ್ತಾಗಲಿಲ್ವೇನೇ?"

"ನಾನು ಮೊದಲನೇ ಪುಟ ಮಾತ್ರ ಓದಿದೆ ಅಕ್ಕ."

"ಈಗೇನು, ಹಾಗೇ ಅವನ ಜೊತೆ ಇರ್ತೀಯಾ? ಊರ ಬಾಯಿಗೆ ಮುಚ್ಚಳ ಇಲ್ಲ. ನಡಿ ನಮ್ಮನೆಗೆ."

"ಎಲ್ಲಿ ಮಲಗಲಿ? ನನ್ನ ಕೋಣೇಲಿ ನಿನ್ನ ಸೊಸೆ ತೊಟ್ಟಿಲು ಕಟ್ಟಿಯಾಯ್ತಲ್ಲ."

ಅಕ್ಕ ಒಬ್ಬಳೇ ಬಸ್ಸಿನ ಕಡೆ ಹೆಜ್ಜೆ ಹಾಕಿದಳು.

ಹೀಗಾಗಿ ಟೈಲರಮ್ಮ ಹೋದದ್ದು ಇಬ್ಬರಿಗೆಂದು ಹಿಡಿದಿದ್ದ ಬಾಡಿಗೆ ಮನೆಗೆ. ಒಂದು ಕೋಣೆ, ಒಂದು ಅಡುಗೆಮನೆ. ಹೋದ ವಾರ ಇಬ್ಬರೂ ಸೇರಿ ಗೋಡೆಗೆ ಸುಣ್ಣ ಬಳಿದು, ಬಾಗಿಲಿಗೆ ಬಣ್ಣ ಹಚ್ಚಿದ್ದರು. ಅವಳ ಯಂತ್ರವನ್ನು ಬೆಳಕು ಬೀಳುವ ಕಡೆ ಇಟ್ಟು ಎಣ್ಣೆ ಬಿಟ್ಟಿದ್ದವನೂ ಅವನೇ. ಈಗ ಗೂಟದಿಂದ ತನ್ನ ಅಂಗಿಗಳನ್ನು ತೆಗೆದು ಚೀಲಕ್ಕೆ ತುಂಬಿಕೊಂಡ. ಕೊನೇ ಆದೇಶ ತರಲು ತನ್ನ ದೇಶಕ್ಕೆ ಹೊರಡುವ ತನಕ ಕಾರ್ಖಾನೆಯ ವಸತಿಯಲ್ಲೇ ಇರುವುದು ಅಂತ ತೀರ್ಮಾನವಾಗಿತ್ತು.

ಹೊಸ್ತಿಲಲ್ಲಿ ಅವಳು ಕೇಳಿದಳು, "ಅವಳನ್ನ ನೋಡಬೇಕಾಗುತ್ತಾ?"

"ಇಷ್ಟು ತಡ ಆಗಿದ್ದಕ್ಕೆ ಅವಳೂ ಸಹಿ ಹಾಕಬೇಕಂತೆ."

"ಹೇಗಿದ್ದಾಳೆ?"

"ನೋಡಿ ಒಂಬತ್ತು ವರ್ಷ ಆಯ್ತು. ಗೊತ್ತಿಲ್ಲ ಕಣಮ್ಮ."

ಹಲ್ಲುಬ್ಬಿ, ಮೂತಿ ಸೊಟ್ಟ ಅಂತ ಒಂದು ಸುಳ್ಳಾದರೂ ಹೇಳಬಾರದಿತ್ತೇ? ಗಾರ್ಮೆಂಟ್ಸಿನ ಹೆಂಗಸರು ಅವನಿಗೆ ಎಲ್ಲ ಕಲಿಸಿದ್ದರು, ಅದೊಂದನ್ನು ಬಿಟ್ಟು.

"ಕಾಗದ ಬೇಗ ಸಿಗದಿದ್ರೆ?"

"ಸಿಗೋವರೆಗೂ ಇರ್ತೀನಿ."

"ಅಲ್ಲೇ?"

"ಅಲ್ಲೇ."

ಅವನ ಚಪ್ಪಲಿ ಸದ್ದು ಬೀದಿ ತಿರುವಿನವರೆಗೆ ಕೇಳಿಸಿತು. ಅವಳು ಒಳಗೆ ಬಂದು ಬಾಗಿಲು ಹಾಕಿದಳು. ಹೊಸ ಬಣ್ಣಕ್ಕೆ ಚಿಲಕ ಹಿಡಿದುಕೊಂಡಿತ್ತು. ಎರಡು ಕೈ ಹಾಕಿ ಎಳೆಯಬೇಕಾಯಿತು.