ನನ್ನೊಳಗಿನ ಬೀಟ್‌ರೂಟ್ ಗಡ್ಡೆ

ನಾನು ಒಂದು ಕುರಿಯ ಮೆದುಳು. ಹುಟ್ಟಿದ್ದು ನವಲಗುಂದದ ಕಡೆಯ ಒಂದು ಹಟ್ಟಿಯಲ್ಲಿ, ಮೊಂಡು ಟಗರೊಂದರ ತಲೆಯೊಳಗೆ. ಹುಲ್ಲು ಎಲ್ಲಿದೆ, ನೀರು ಎಲ್ಲಿದೆ, ಯಾರಿಗೆ ಗುದ್ದಬೇಕು ಎಂದು ಅದಕ್ಕೆ ಹೇಳಿಕೊಡುತ್ತಿದ್ದದ್ದು ನಾನೇ. ಗುದ್ದಿದ ಪೆಟ್ಟೆಲ್ಲ ನನಗೇ ಬೀಳುತ್ತದೆ ಎನ್ನುವುದು ಮಾತ್ರ ಆ ಟಗರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಆಮೇಲೆ ಹುಬ್ಬಳ್ಳಿಯ ಮಟನ್ ಅಂಗಡಿಗೆ ಬಂದೆ. ಅಲ್ಲಿ ನನ್ನ ಹೆಸರು ಭೇಜಾ. ಈರುಳ್ಳಿಯ ಜೊತೆ ಬಾಣಲೆ ಸೇರುವುದೇ ನನ್ನ ಹಣೆಬರಹ ಎಂದುಕೊಂಡಿದ್ದೆ. ಅಷ್ಟರಲ್ಲಿ ಡಾಕ್ಟರ್ ವಿನುತಾ ಬಂದಳು. ಮೆದುಳಿನ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದ ಹುಡುಗಿ. ನನ್ನನ್ನು ಕಟ್ಟಿಕೊಡುತ್ತ ಅಂಗಡಿಯ ದಾದಾಪೀರ್, "ಅಕ್ಕಾರ, ಸ್ವಲ್ಪ ಪುದೀನಾ ಹಾಕ್ರಿ, ಭಾಳ ಚಲೋ ಆಕ್ಕೈತಿ" ಎಂದ. ಅವಳು ಹೂಂ ಎಂದು ತಲೆಯಾಡಿಸಿದಳು.

ಆಸ್ಪತ್ರೆಯ ತರಬೇತಿ ಕೋಣೆಯಲ್ಲಿ ಜೆಲ್ಲಿ ಮಾಡುವ ಚೈನಾ ಗ್ರಾಸ್ ಕುದಿಸಿ, ಬೀಟ್‌ರೂಟ್ ರಸ ಬೆರೆಸಿ, ಸಿರಿಂಜಿನಿಂದ ನನ್ನ ಎಡಭಾಗದೊಳಗೆ ಬಿಟ್ಟಳು. ಅದು ಆರಿ ಗಟ್ಟಿಯಾಯಿತು. ಹೀಗೆ ಸತ್ತ ಮೇಲೆ ನನಗೊಂದು ಗಡ್ಡೆ ಬಂತು.

ಅವಳ ವಾರ್ಡಿನಲ್ಲಿ ಫಕ್ಕೀರಪ್ಪ ಎಂಬ ಬಸ್ ಕಂಡಕ್ಟರ್ ಮಲಗಿದ್ದ. ಅವನ ತಲೆಯೊಳಗಿನ ನಿಜವಾದ ಗಡ್ಡೆ ಮಾತಿನ ಜಾಗಕ್ಕೇ ಅಂಟಿಕೊಂಡಿತ್ತು. ಅದನ್ನು ತೆಗೆಯುವಾಗ ಹಿರಿಯ ಡಾಕ್ಟರ್ ಜಹಗೀರದಾರರು ಒಂದಿಷ್ಟು ಕೆಲಸ ಅವಳ ಕೈಗೂ ಕೊಡುವವರಿದ್ದರು. ಅದಕ್ಕೂ ಮೊದಲು ನನ್ನ ಮೇಲೆ ಅವಳ ಕೈ ಪಳಗಬೇಕಿತ್ತು.

ಸೂಕ್ಷ್ಮದರ್ಶಕದ ಕೆಳಗೆ, ಹೀರುವ ನಳಿಗೆ ಹಿಡಿದು ಗಡ್ಡೆಯನ್ನು ಚೊಕ್ಕವಾಗಿ ತೆಗೆದಳು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಬೀಟ್‌ರೂಟ್ ಸುತ್ತಲೂ ಬಣ್ಣ ಬಿಟ್ಟಿತ್ತು. ಕೆಂಪು ಕಂಡದ್ದೆಲ್ಲ ಗಡ್ಡೆಯೇ ಎಂದುಕೊಂಡು, ತಳ ಹಿಡಿದ ಪಾತ್ರೆ ಉಜ್ಜಿದ ಹಾಗೆ ನನ್ನನ್ನು ಉಜ್ಜಿದಳು. ನನಗೇನೂ ನೋವಾಗಲಿಲ್ಲ. ಆದರೂ ಸಾಕು ತಾಯಿ, ಬಿಡು ಎನ್ನಬೇಕೆನಿಸಿತು.

ಜಹಗೀರದಾರರು ಬಗ್ಗಿ ನೋಡಿದರು. "ಗಡ್ಡಿ ಪೂರಾ ತಗದಿಯವಾ. ಇದು ಫಕ್ಕೀರಪ್ಪನ ತಲಿ ಆಗಿದ್ರ ಅವನ ಮಾತೂ ತಗದಿರ್ತಿದ್ದಿ. ಬಣ್ಣದ ಬೆನ್ನ ಹತ್ತಬ್ಯಾಡ. ಕೈಗೆ ಮೆತ್ತಗ ಹತ್ತಿದ ಕೂಡ್ಲೇ ನಿಲ್ಲಿಸು. ಚೂರು ಉಳದ್ರ ಉಳೀಲಿ."

ವಿನುತಾಳ ಕಣ್ಣು ತುಂಬಿ ಬಂದವು. ನನ್ನ ಕರುಳು ಚುರ್ರೆಂದಿತು ಎನ್ನೋಣವೆಂದರೆ, ಅದು ಆಗಲೇ ಯಾರದೋ ಅಡುಗೆಮನೆ ಸೇರಿತ್ತು. ಪುಣ್ಯಕ್ಕೆ ನನಗೊಂದು ಬಲಭಾಗವೂ ಇತ್ತು. ಮರುದಿನ ಅವಳು ಅದರಲ್ಲೂ ಗಡ್ಡೆ ಮಾಡಿದಳು, ಅದೇ ಬೀಟ್‌ರೂಟ್ ರಸ ಹಾಕಿ. ಗಟ್ಟಿಯದೆಲ್ಲ ಬಂದ ಮೇಲೂ ಅಂಚು ಕೆಂಪಗೇ ಇತ್ತು. ಅವಳ ನಳಿಗೆ ಅತ್ತ ಒಮ್ಮೆ ವಾಲಿತು, ಮತ್ತೆ ಹಿಂದೆ ಬಂತು.

ಈಗ ನಾನು ಕಪಾಟಿನ ಮೂಲೆಯಲ್ಲಿ, ಗಾಜಿನ ಜಾಡಿಯೊಳಗೆ ಔಷಧದ ನೀರಿನಲ್ಲಿದ್ದೇನೆ. ಫಕ್ಕೀರಪ್ಪನ ಶಸ್ತ್ರಚಿಕಿತ್ಸೆ ಮುಗಿದು, ಅವನಿಗೆ ಎಚ್ಚರವಾದ ಮೇಲೆ ವಿನುತಾ ನೇರ ಇಲ್ಲಿಗೇ ಬಂದು, ಸ್ಟೂಲ್ ಎಳೆದುಕೊಂಡು ನನ್ನೆದುರು ಕುಳಿತಳು.

"ಚೂರು ಬಿಟ್ಟು ಬಂದೆ" ಎಂದಳು. "ತಗೀಬೇಕಂತ ಕೈ ತುಡೀತಿತ್ತು, ಬಿಟ್ಟೆ. ಅಂವ ಎದ್ದು ಮೊದಲ ಏನಂದ ಗೊತ್ತೇನು? ಸುತ್ತ ನಿಂತ ನಮ್ಮನ್ನ ನೋಡಿ, ಮುಂದ ಸರೀರಿ, ಮುಂದ ಸರೀರಿ ಅಂದ."

ನಗುತ್ತ ನಗುತ್ತಲೇ ಅತ್ತುಬಿಟ್ಟಳು. ಬದುಕಿರುವಷ್ಟು ದಿನ ಬ್ಯಾ ಎನ್ನುವುದು ಬಿಟ್ಟು ಬೇರೇನೂ ನುಡಿಸಲಾಗದಿದ್ದ ನನಗೆ ಅಂದು ಆದ ಸಂತೋಷ ಅಷ್ಟಿಷ್ಟಲ್ಲ. ನನ್ನ ಎಡಭಾಗದಲ್ಲಿ ಅವಳು ಮೊದಲ ದಿನ ಕೆರೆದ ಗುಂಡಿ ಹಾಗೆಯೇ ಇದೆ. ನನ್ನಲ್ಲಿ ನನಗೆ ಬಹಳ ಇಷ್ಟವಾದ ಜಾಗ ಅದು.