ಮೆಹನಾಜ್ ಕಡೂರಿಗೆ ಹೋದದ್ದು

ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ. ಅಜ್ಜಂಪುರದ ಸ್ಟೇಷನ್ ಹಿಂದಿನ ಓಣಿಯವರು ಮೂರು ದಿನವೂ ಮೆಹನಾಜ್‌ಗೆ ಊಟ ತಂದುಕೊಟ್ಟರು. ನಾಲ್ಕನೆಯ ಬೆಳಿಗ್ಗೆ ಒಬ್ಬೊಬ್ಬರಾಗಿ ಬಂದು, ತೊಳೆದಿಟ್ಟ ತಮ್ಮ ತಮ್ಮ ಡಬ್ಬಿ ತೆಗೆದುಕೊಂಡು ಹೋದರು. ಹತ್ತು ಗಂಟೆಗೆ ಅಡುಗೆಕಟ್ಟೆ ಖಾಲಿಯಾಯಿತು. ಬೀರೂರಿನ ರೈಲು ಹೋಯಿತು. ಆಮೇಲೆ ಯಾವ ಸದ್ದೂ ಇರಲಿಲ್ಲ.

ಅವಳಿಗೆ ಇಪ್ಪತ್ತೊಂದು. ಗೋಡೆಗೆ ಬಣ್ಣ ಹೊಡೆಯುತ್ತಿದ್ದ ಗಂಡ ಅಲ್ತಾಫ್ ಬೈಕಿನಿಂದ ಬಿದ್ದು ತೀರಿಹೋಗಿದ್ದ. ಅನಾಥನಾಗಿ ಬೆಳೆದವನು, ಅವನ ಕಡೆ ಯಾರೂ ಇಲ್ಲ. ಅವಳ ತಾಯಿ ಇಲ್ಲ, ತಂದೆಗೆ ಬೇರೆ ಸಂಸಾರ. ತಿಂಗಳ ಕೊನೆಗೆ ಮನೆ ಬಿಡಿ ಎಂದು ಮಾಲೀಕ ಹೇಳಿಯಾಗಿತ್ತು. ಗಂಡ ಸತ್ತವಳು ಮನೆಯೊಳಗೇ ಇರಬೇಕಾದ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ತನ್ನು ಎಲ್ಲಿ ಕೂತು ಕಳೆಯುವುದು?

"ಒಲೆ ಹಚ್ಚಿದ್ಯೇನೇ?" ಪಕ್ಕದ ಮನೆಯ ಹಾಲಮ್ಮ ಇಣುಕಿದಳು.

"ಹಚ್ಬೇಕು."

"ಹಂಗಂತ ಕೂತ್ಕಂಡ್ರೆ ಅದೇ ಹತ್ಕಂತದಾ?" ಹಾಲಮ್ಮನೇ ಹಚ್ಚಿದಳು.

ಮಧ್ಯಾಹ್ನ ಕಡೂರಿನಿಂದ ಕುಬ್ರಾ ಬಂದಳು. ಹದಿನೆಂಟು ತುಂಬಿ ಬಾಲಮಂದಿರದಿಂದ ಹೊರಬಿದ್ದ ಅಲ್ತಾಫ್‌ನನ್ನು ಮೂರು ವರ್ಷ ಇಟ್ಟುಕೊಂಡಿದ್ದು ತರೀಕೆರೆಯ ಅಮನ್ ಮನೆ. ನಡೆಸುವವರು ಮಸೀದಿಯವರು. ಕಡೂರಿನಲ್ಲಿ ಹುಡುಗಿಯರಿಗೂ ಅಂಥದೇ ಮನೆಯಿದೆ, ಅದನ್ನು ನೋಡಿಕೊಳ್ಳುವವಳು ಕುಬ್ರಾ.

"ನಮ್ಮಲ್ಲಿಗೆ ಬಾ ಬೇಟಿ," ಎಂದಳು, ಹಾಲಮ್ಮನಿಗೂ ತಿಳಿಯಲೆಂದು ಕನ್ನಡದಲ್ಲೇ.

"ಇದ್ದತ್ ಮುಗಿಯೋ ತನಕ ಹೊಸಿಲು ದಾಟಬಾರದಲ್ವಾ?" ಮೆಹನಾಜ್ ಕೇಳಿದಳು.

"ಇರೋಕೆ ಮನೆನೇ ಇಲ್ದಿದ್ರೆ? ನಮ್ಮ ಮಸೀದಿ ಹಜ್ರತ್‌ನ ಕೇಳ್ಕೊಂಡೇ ಬಂದೆ. ಭದ್ರವಾದ ಬೇರೆ ಮನೇಲಿ ಕೂರಬಹುದು ಅಂದ್ರು."

"ತಡೀರಿ ತಡೀರಿ," ಹಾಲಮ್ಮ ಅಡ್ಡ ಬಂದಳು. "ಆಶ್ರಮಕ್ಕೆ ಹಾಕ್ಬಿಟ್ರು ಅಂತ ಓಣಿಯೋರು ಆಡ್ಕಂತಾರೆ."

"ಓಣಿಯೋರು ಮನೆ ಕೊಡ್ತಾರಾ?"

ಹಾಲಮ್ಮ ಸೆರಗು ಬಿಗಿದುಕೊಂಡಳು. "ಇವಳ ಫೋನ್ ಕಿತ್ಕಂತೀರಾ?"

"ಇಲ್ಲ. ಆಧಾರ್, ಮಾರ್ಕ್ಸ್ ಕಾರ್ಡ್ ಎಲ್ಲಾ ಇವಳ ಹತ್ರನೇ."

"ಬ್ಯಾಡ ಅನ್ಸಿದ್ರೆ?"

"ಅವತ್ತೇ ಬಸ್ ಹತ್ತಬಹುದು."

"ನಮಾಜ್ ತಪ್ಪಿಸಿದ್ಲು ಅಂತ ಊಟ ನಿಲ್ಸಿದ್ರೆ?"

ಕುಬ್ರಾ ನಕ್ಕಳು. "ದೇವ್ರ ಪಟ ಇಟ್ಕೊಂಡಿರೋ ಹುಡುಗೀರು ಇಬ್ರು ಇದಾರೆ ನಮ್ಮಲ್ಲಿ. ಸಾರು ಸಪ್ಪೆ ಆದ್ರೆ ಎಲ್ರಿಗೂ ಸಪ್ಪೆ."

"ಅಲ್ಲಿ ಏನ್ ಮಾಡಿಸ್ತೀರಿ ಮತ್ತೆ?"

"ಓದೋರು ಓದ್ತಾರೆ, ದುಡಿಯೋರು ದುಡೀತಾರೆ. ಒಬ್ಬೊಬ್ರಿಗೂ ಒಬ್ರು ದೊಡ್ಡೋರು. ಬ್ಯಾಂಕಿಗೆ, ಆಸ್ಪತ್ರೆಗೆ ಜೊತೆಗೆ ಹೋಗ್ತಾರೆ. ಸಂಜೆ, ಇವತ್ತು ಏನಾಯ್ತು ಅಂತ ಕೇಳ್ತಾರೆ. ಕಾಲ ಮೇಲೆ ನಿಂತ ಮೇಲೆ ಹೋಗ್ಬಹುದು. ನೋಂದಣಿ ಕಾಗದ ಗೋಡೆ ಮೇಲೇ ಇದೆ, ಬಂದು ನೋಡಿ."

ಯೋಚಿಸಿ ಹೇಳು ಎಂದು ಕುಬ್ರಾ ನಂಬರ್ ಕೊಟ್ಟು ಹೋದಳು.

ಹಾಲಮ್ಮ ಈರುಳ್ಳಿ ಹೊಲಕ್ಕೆ ಹೋಗತೊಡಗಿದಳು. ಒಂದು ಸಂಜೆ ಮಾತಾಡಲು ಬಾಯಿ ತೆರೆದರೆ ಮೆಹನಾಜ್‌ಗೆ ದನಿ ಸರಿಯಾಗಿ ಹೊರಡಲಿಲ್ಲ. ಬೆಳಗಿನಿಂದ ಅದನ್ನು ಬಳಸಿರಲಿಲ್ಲ.

ಹತ್ತನೆಯ ದಿನ ಮಾಲೀಕ ಬಂದು ಹಿತ್ತಿಲ ಗೋಡೆಗೆ ಒರಗಿದ್ದ ಏಣಿಯನ್ನೂ ತೆಗೆಯಿರಿ ಎಂದ. ಅದು ಅಲ್ತಾಫ್‌ನದಲ್ಲ. ಕುಬ್ರಾಳ ಕಡೂರಿನ ಮನೆಗೆ ಸುಣ್ಣ ಹೊಡೆದಾಗ ಅವನು ಇನ್ನೊಂದು ಕೆಲಸಕ್ಕೆಂದು ಅಲ್ಲಿಂದ ಕೇಳಿ ತಂದಿದ್ದ.

ಮೆಹನಾಜ್ ಫೋನ್ ಮಾಡಿದಳು. "ನಿಮ್ಮ ಏಣಿ ಇಲ್ಲಿದೆ. ತಂದುಕೊಡ್ಲಾ?"

ಕುಬ್ರಾ ಎಂದಳು, "ತಗೊಂಡು ಬಾ. ಬಟ್ಟೆನೂ ತಗೊಂಡು ಬಾ."

ಗೂಡ್ಸ್ ಆಟೋದಲ್ಲಿ ಹಾಲಮ್ಮನೂ ಹತ್ತಿದಳು. "ಹೊಲ ಎಲ್ಲೂ ಓಡೋಗಲ್ಲ ಕಣೇ. ನಾನೇ ನೋಡ್ಬೇಕು." ಕಡೂರಿನಲ್ಲಿ ಗೋಡೆಯ ಕಾಗದವನ್ನು ಮೆಹನಾಜ್‌ಳಿಂದ ಓದಿಸಿದಳು. ಬಚ್ಚಲಿಗೆ ಒಳಗಿನಿಂದ ಚಿಲಕ ಬೀಳುತ್ತದೆಯೇ ಎಂದು ಹಾಕಿ ನೋಡಿದಳು. ಆಮೇಲೆ, "ಹ್ಞೂಂ, ಇರು," ಎಂದಳು.

"ಏಣಿ ಎಲ್ಲಿಡ್ಲಿ?" ಮೆಹನಾಜ್ ಕೇಳಿದಳು.

ಒಬ್ಬ ಹುಡುಗಿ ಹಿಂಬದಿಯ ಗೋಡೆ ತೋರಿಸಿದಳು. ಮೊದಲು ಏಣಿ ನಿಂತಿದ್ದಲ್ಲಿ ನೆಲದಲ್ಲಿ ಎರಡು ಕುಳಿಗಳಿದ್ದವು. ಮೆಹನಾಜ್ ಏಣಿಯ ಕಾಲುಗಳನ್ನು ಅವುಗಳಲ್ಲಿ ಇಟ್ಟಳು.

ಹದಿನೆಂಟೋ ಇಪ್ಪತ್ತೊಂದೋ ತುಂಬಿದ ಕೂಡಲೇ ಯಾರೂ ಒಬ್ಬರೇ ಬದುಕಲು ಕಲಿತುಬಿಡುವುದಿಲ್ಲ. ನಿಮ್ಮ ಓಣಿಯಲ್ಲೂ ಯಾರೂ ಇಲ್ಲದ ಹುಡುಗನೋ ಹುಡುಗಿಯೋ ಇರಬಹುದು. ಮಸೀದಿ, ಮಠ, ಚರ್ಚು, ಯಾರು ನಡೆಸುವ ಮನೆಯಾದರೂ ಹಾಲಮ್ಮ ಕೇಳಿದ್ದನ್ನೆಲ್ಲ ನೀವೂ ಕೇಳಿ, ಒಳಗೆ ಹೋಗಿ ನೋಡಿ. ವಿಳಾಸ ಬರೆದುಕೊಟ್ಟು ಸುಮ್ಮನಾಗಬೇಡಿ. ಜೊತೆಗೆ ಹೋಗಿ.