ಹರಿನಾಥರು ಬಿಚ್ಚಿದ ಪಾರ್ಸೆಲ್

ಕಾಸರಗೋಡಿನ ಹತ್ತಿರದ ಬೋವಿಕಾನದ ಪೇಟೆಯ ಪಕ್ಕದಲ್ಲಿ ತಾವೇ ಕಟ್ಟಿಸಿದ ಮದುವೆ ಹಾಲನ್ನು ಬೇರೆಯವರಿಗೆ ವಹಿಸಿಕೊಟ್ಟ ಮೇಲೆ ಹರಿನಾಥರಿಗೆ ಕೆಲಸವಿಲ್ಲದಾಯಿತು. ಕೆಲಸವಿಲ್ಲದ ಗಂಡಸು ಒಂದೋ ರಾಜಕೀಯ ಹಿಡಿಯುತ್ತಾನೆ, ಇಲ್ಲವಾದರೆ ಕಾಯಿಲೆ ಹಿಡಿಯುತ್ತಾನೆ ಎಂದು ಹೆಂಡತಿ ಕಮಲ ಎಣಿಸಿದ್ದಳು. ಇವರು ನೋಟು ಹಿಡಿದರು. ಖರ್ಚು ಮಾಡುವ ನೋಟಲ್ಲ, ನೋಡುವ ನೋಟು. ಎಲ್ಲೆಲ್ಲಿಯದೋ ದೇಶಗಳ, ಈಗ ಅಲ್ಲಿಯೇ ಕೊಟ್ಟರೂ ಒಂದು ಲೋಟ ಚಹಾ ಹುಟ್ಟದ ನೋಟುಗಳು. ಅವನ್ನು ಆಲ್ಬಮ್ಮಿನಲ್ಲಿ ಸಿಕ್ಕಿಸಿ, ಮನೆಗೆ ಬಂದವರ ಮಡಿಲಲ್ಲಿಟ್ಟು, "ಮುಟ್ಟಬೇಡಿ" ಎನ್ನುವುದು ಅವರ ಹೊಸ ಉದ್ಯೋಗ.

ನೋಟು ಸಂಗ್ರಹಿಸುವವರದ್ದೊಂದು ವಾಟ್ಸಪ್ ಗ್ರೂಪಿತ್ತು. ಹರಿನಾಥರು ಅದರೊಳಗೆ ಸೇರಿ ವರ್ಷ ತುಂಬುವ ಮೊದಲೇ ಹಿರಿಯರಾಗಿಬಿಟ್ಟರು. ಯಾರು ಯಾವ ನೋಟಿನ ಫೋಟೊ ಹಾಕಿದರೂ ಇವರದ್ದೊಂದು ತೀರ್ಪು. ಕಮಲ ಅಕ್ಕಿ ಆರಿಸುತ್ತ ಅವರ ವಾಯ್ಸ್ ಮೆಸೇಜುಗಳನ್ನು ಕೇಳುವಳು. ಹಾಲಿನ ಬಾಡಿಗೆ ಮಾತಾಡುವಾಗ ಇದ್ದ ಅದೇ ಗತ್ತು, ಅದೇ ಕೆಮ್ಮು. ವಿಷಯ ಮಾತ್ರ ಬೇರೆ.

ಆ ಗ್ರೂಪಿನಲ್ಲಿ ಮಂಜೇಶ್ವರದ ರಝಿಯಾ ಎಂಬವಳು ಅನ್‌ಕಟ್ ಶೀಟು ಮಾರುತ್ತಿದ್ದಳು. ನೋಟುಗಳನ್ನು ಮೊದಲು ದೊಡ್ಡ ಹಾಳೆಯಲ್ಲಿ ಸಾಲುಸಾಲಾಗಿ ಅಚ್ಚುಹಾಕಿ, ಆಮೇಲೆ ಬಿಡಿಬಿಡಿಯಾಗಿ ಕತ್ತರಿಸುತ್ತಾರಲ್ಲ, ಹಾಗೆ ಕತ್ತರಿಸದೆ ಉಳಿಸಿದ ಇಡೀ ಹಾಳೆ. ದುಬಾಯಿಯಲ್ಲಿದ್ದ ತಮ್ಮ ಇಲ್ಯಾಸ್ ಅಲ್ಲಿನ ವ್ಯಾಪಾರಿಗಳಿಂದ ಕೊಂಡು ಕಳಿಸುವನು, ಇವಳು ಮನೆಯ ಚಾವಡಿಯಲ್ಲಿ ಕೂತು ಪ್ಯಾಕ್ ಮಾಡಿ ಊರೂರಿಗೆ ಕಳಿಸುವಳು. ಬಿಡಿಯಾದರೆ ಬೆಲೆಯಿಲ್ಲದ ನೋಟು ಒಟ್ಟಿಗಿದ್ದರೆ ದುಬಾರಿ. ಇದನ್ನು ಕೇಳಿದ ದಿನ ಕಮಲ, "ನಮ್ಮ ಕುಟುಂಬದ ಹಾಗಲ್ಲವಲ್ಲ, ಪುಣ್ಯ. ನಮ್ಮದು ಒಟ್ಟಿಗಿದ್ದರೇ ಬೆಲೆ ಕಮ್ಮಿ" ಎಂದಿದ್ದಳು. ಹರಿನಾಥರಿಗೆ ಅರ್ಥವಾಗಲಿಲ್ಲ.

ಹರಿನಾಥರು ಒಂದು ಶೀಟು ಬೇಕೆಂದರು. ಬೇಕೆಂದದ್ದಕ್ಕಿಂತ ಶರತ್ತು ಹಾಕಿದ್ದೇ ಹೆಚ್ಚು. ರಝಿಯಾ ಸಾಮಾನ್ಯವಾಗಿ ಹಾಳೆಯನ್ನು ಸಡಿಲವಾಗಿ ಸುತ್ತಿ ದಪ್ಪ ರಟ್ಟಿನ ಕೊಳವೆಯೊಳಗೆ ಇಡುತ್ತಿದ್ದಳು. ಇವರಿಗೆ ಅದು ಆಗದು.

"ಸುತ್ತಿದರೆ ಬಾಗ್ತದೆ. ಎರಡು ಹಲಗೆಯ ನಡುವೆ ಚಪ್ಪಟೆ ಇಟ್ಟು ಕಳಿಸು."

"ಆಯ್ತು ಸರ್. ಬಿಚ್ಚುವಾಗ ಒಂದು ವಿಡಿಯೊ ಮಾಡಿಡಿ. ಎಲ್ಲರಿಗೂ ಹೇಳುವುದೇ."

"ನನಗೆ ವಿಡಿಯೊ ಎಂತಕ್ಕೆ? ನನ್ನ ಮಾತೇ ವಿಡಿಯೊ."

ಪಾರ್ಸೆಲ್ ಬಂತು. ಊಟದ ಮಣೆಯಷ್ಟು ಅಗಲ, ನಾಲ್ಕೂ ಅಂಚಿಗೆ ಟೇಪು, ಮೇಲೆ ಕೆಂಪು ಶಾಯಿಯಲ್ಲಿ ಕನ್ನಡ ಮಲಯಾಳ ಎರಡರಲ್ಲೂ ಬರಹ: ಬ್ಲೇಡು, ಕತ್ತಿ ಹಾಕಬೇಡಿ, ಟೇಪು ಎಳೆದು ತೆಗೆಯಿರಿ. ಕಮಲ ಅದನ್ನು ಓದಿ ಹೇಳಿದಳು. ಹರಿನಾಥರು, "ಅದು ಗೊತ್ತಿಲ್ಲದವರಿಗೆ ಬರೆದದ್ದು" ಎಂದರು. ಉಗುರಿನಿಂದ ಟೇಪು ಏಳಲಿಲ್ಲ. ಸೀದಾ ಅಡುಗೆಮನೆಗೆ ಹೋಗಿ, ಅವಳು ಬಂಗುಡೆ ಮೀನು ಕೊಯ್ಯುತ್ತಿದ್ದ ಕತ್ತಿಯನ್ನೇ ತಂದು, ಪಂಚೆಯ ತುದಿಗೆ ಒರೆಸಿ, ಎರಡು ಹಲಗೆಯ ಸಂದಿಗೆ ತೂರಿಸಿ ಎಳೆದರು. ಕೆಲಸ ಬೇಗ ಆಯಿತು. ಹಲಗೆ ತೆರೆದಾಗ ಹಾಳೆಯ ಒಂದು ಬದಿಯ ನೋಟುಗಳೆಲ್ಲ ನಡುವಿನಲ್ಲಿ ಸೀಳಿಹೋಗಿದ್ದವು.

ಅವರು ಸೀಳನ್ನು ಬೆರಳಿನಿಂದ ಜೋಡಿಸಿ ನೋಡಿದರು. ಆಮೇಲೆ ಕತ್ತಿಯನ್ನು ಕಮಲಳ ಕೈಗೆ ಕೊಟ್ಟು, ಮೊಬೈಲು ತೆಗೆದುಕೊಂಡು ಚಾವಡಿಗೆ ಹೋದರು. ಅವಳು ಮೀನಿನ ಮುಂದೆ ಕೂತು ಕೇಳಿಸಿಕೊಂಡಳು. ಮೊದಲು ಕೆಮ್ಮು, ಆಮೇಲೆ ಮಾತು: "ಗ್ರೂಪಿನವರ ಗಮನಕ್ಕೆ. ಹರಿದ ಶೀಟನ್ನು ಕಳಿಸಿ ಮೋಸ ಮಾಡುವವರಿದ್ದಾರೆ. ಹೆಸರು ಹೇಳ್ತೇನೆ."

ಹೆಸರನ್ನೂ ಹೇಳಿದರು.

ಕಮಲಳಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಲಿಕ್ಕೂ ಎದುರಿನವರ ಮೇಲೆ ಒಂದಿಷ್ಟು ಗೌರವ ಬೇಕು. ಮದುವೆ ಹಾಲಿನಲ್ಲಿ ಪಾಯಸ ಸೀದುಹೋದಾಗ ಅಡುಗೆಯವರನ್ನು ಬೈದು, ಬೆಂಕಿ ಜೋರು ಮಾಡಲು ಹೇಳಿದ್ದು ತಾವೇ ಎಂಬುದನ್ನು ನುಂಗಿದ ಮನುಷ್ಯ ಇವರು. ಇದು ಹೊಸತಲ್ಲ. ಬಾಯಿಗೆ ಬಂದದ್ದನ್ನು ಅವಳು ಅಂದೂ ನುಂಗಿದ್ದಳು, ಇಂದೂ ನುಂಗಿದಳು.

ಆದರೆ ಅದೇ ವಾರ ರಝಿಯಾ ಮನೆಗೇ ಬಂದಳು. ಮಂಜೇಶ್ವರದಿಂದ ಕಾಸರಗೋಡಿಗೆ, ಅಲ್ಲಿಂದ ಮತ್ತೊಂದು ಬಸ್ಸು ಹಿಡಿದು. ಮೂವತ್ತರ ಆಸುಪಾಸಿನ, ಬೆವರಿ ಸುಸ್ತಾದ ಹೆಂಗಸು. ಅಂಗಳದಲ್ಲೇ ನಿಂತು ಹೇಳಿದಳು: "ಸರ್, ಹಣದ ಮಾತು ಆಮೇಲೆ. ನನ್ನ ಹತ್ತಿರ ಬೇಕೂಂತ ಹೇಳಿದವರೆಲ್ಲ ಈಗ ಬೇಡ ಅಂತಿದ್ದಾರೆ. ಒಮ್ಮೆ ಶೀಟು ತೋರಿಸಿ."

ಹರಿನಾಥರು ನ್ಯಾಯಾಧೀಶರ ಹಾಗೆ ತಂದಿಟ್ಟರು. ರಝಿಯಾ ಹಾಳೆಯನ್ನು ಬೆಳಕಿಗೆ ಹಿಡಿದಳು, ಆಮೇಲೆ ಮೂಗಿನ ಹತ್ತಿರ ತಂದಳು.

"ಇದಕ್ಕೆ ಮೀನಿನ ವಾಸನೆ ಉಂಟಲ್ಲ ಸರ್."

"ನಿಮ್ಮದು ಕಡಲ ಬದಿಯ ಮನೆ. ಬರದೆ ಎಂತ?"

ಆ ಮಾತಿಗೆ ರಝಿಯಾಳ ಮುಖ ಕಪ್ಪಿಟ್ಟಿತು. ಅವಳು ಹಾಳೆಯನ್ನು ಮೆಲ್ಲಗೆ ಕೆಳಗಿಟ್ಟಳು. ಬಾಗಿಲಲ್ಲಿದ್ದ ಕಮಲಳಿಗೆ ಅಲ್ಲಿಯವರೆಗೆ ಬರುತ್ತಿದ್ದ ನಗು ಅಲ್ಲಿಗೆ ನಿಂತಿತು.

"ವಾಸನೆ ನನ್ನ ಕತ್ತಿಯದ್ದು," ಎಂದಳು. "ಇವರೇ ಹಾಕಿ ಎಳೆದದ್ದು. ಕತ್ತಿ ಬೇಡ ಅಂತ ಬರೆದದ್ದನ್ನು ನಾನು ಓದಿ ಹೇಳಿದ್ದೆ."

"ನೀನು ಒಳಗೆ ಹೋಗು."

"ಒಳಗಿಂದಲೇ ಬಂದದ್ದು. ಆ ಮೊಬೈಲು ಕೊಡಿ ಇಲ್ಲಿ."

ಅವರು ಕೊಡಲಿಲ್ಲ. ಅದು ಟೀಪಾಯಿಯ ಮೇಲಿತ್ತು, ಅವಳೇ ತೆಗೆದುಕೊಂಡಳು. ಹೇಗೆ ಒತ್ತಬೇಕೆಂದು ದಿನವೂ ನೋಡಿ ಗೊತ್ತಿತ್ತು.

"ನಾನು ಹರಿನಾಥರ ಹೆಂಡತಿ ಕಮಲ ಮಾತಾಡುವುದು. ಮಂಜೇಶ್ವರದ ಹುಡುಗಿ ಸರಿಯಾಗಿಯೇ ಕಳಿಸಿದ್ದಾಳೆ. ಹರಿದದ್ದು ಇವರು, ಮೀನಿನ ಕತ್ತಿಯಲ್ಲಿ. ಇವರಿಗೆ ಹೇಳ್ಲಿಕ್ಕೆ ನಾಚಿಕೆ ಆಗ್ತಾ ಉಂಟು, ಹಾಗೆ ನಾನು ಹೇಳಿದ್ದು. ಅವಳ ಹತ್ತಿರ ತೆಗೊಳ್ಳುವವರು ತೆಗೊಳ್ಳಿ."

ಹರಿನಾಥರು ಮೊಬೈಲು ಕಿತ್ತುಕೊಂಡು ಅಳಿಸಲು ಹೊರಟಾಗ ಗ್ರೂಪಿನ ಕೃಷ್ಣಕುಮಾರ ಎಂಬವರು ಆಗಲೇ ಕೇಳಿ ಮುಗಿಸಿ, ನಕ್ಕು ನಕ್ಕು ಕಣ್ಣೀರು ಬರುವ ಮುಖವೊಂದನ್ನು ಹಾಕಿದ್ದರು. ಹಿಂದಿನಿಂದ ಇನ್ನೊಬ್ಬರು, ಮತ್ತೊಬ್ಬರು. ಈವರೆಗೆ ಇವರ ತೀರ್ಪಿಗೆಲ್ಲ ಕೈಮುಗಿದವರೇ. ಅವರೂ ಅಂಥ ದೊಡ್ಡವರೇನಲ್ಲ ಎಂದು ಕಮಲಳಿಗೆ ಅನಿಸಿತು. ಮೊನ್ನೆ ರಝಿಯಾಳನ್ನು ಕಳ್ಳಿ ಎಂದದ್ದೂ ಇದೇ ಗ್ರೂಪಿನವರು, ಇಂದು ನಗುವುದೂ ಅವರೇ.

ರಝಿಯಾ ಊಟ ಬೇಡವೆಂದಳು, ಮಜ್ಜಿಗೆ ಕುಡಿದಳು. ಗೇಟಿನ ತನಕ ಬಂದ ಕಮಲಳೊಡನೆ, "ನೀವು ಇಷ್ಟು ಹೇಳ್ತೀರಿ ಅಂತ ಎಣಿಸ್ಲಿಲ್ಲ ಕಮಲಕ್ಕ" ಎಂದಳು.

"ಮೊದಲೇ ಹೇಳಬೇಕಿತ್ತು. ನೀನು ಇಷ್ಟು ದೂರ ಬರುವುದು ತಪ್ಪುತ್ತಿತ್ತು."

ಹರಿನಾಥರು ಗ್ರೂಪು ಬಿಟ್ಟರು. ಬೇಸರದಿಂದಲ್ಲ, ಅಲ್ಲಿ ಮಟ್ಟ ಇಳಿದಿದೆಯಂತೆ. ತಾವೇ ಒಂದು ಹೊಸ ಗ್ರೂಪು ಮಾಡಿ ಅಧ್ಯಕ್ಷರಾದರು. ಮದುವೆ ಹಾಲಿನ ವಾಚ್‌ಮನ್ನನ್ನು ಸೇರಿಸಿದರು, ಅವನಿಗೆ ಬಿಡುವ ಧೈರ್ಯವಿಲ್ಲ. ಅಂದಿನಿಂದ ತಾವೇ ಮಾತು ಬಿಟ್ಟಿದ್ದ ಹೆಂಡತಿಯ ಹತ್ತಿರ ಒಂದು ಸಂಜೆ ತಾವಾಗಿಯೇ ಬಂದು, "ನಿನ್ನ ನಂಬರೂ ಹಾಕ್ಲಾ? ಜನ ಸ್ವಲ್ಪ ಕಮ್ಮಿ ಉಂಟು" ಎಂದರು.

ಕಮಲ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸದೆ, "ನನಗೆ ಬೇರೆ ಕೆಲಸ ಉಂಟು" ಎಂದಳು.